ಪ್ರಾಚೀನ ಕೆಲ್ಟರ ವ್ಯಾಪಾರವೂ ಪ್ರಾಬಲ್ಯವೂ

ಬೆಂಗಳೂರಿನ ಯಶವಂತಪುರದಲ್ಲಿ ೧೮೯೧ನೆಯ ಇಸವಿಯಲ್ಲಿ ರೈಲುಮಾರ್ಗದ ಕೆಲಸಕ್ಕಾಗಿ ನೆಲವನ್ನಗೆಯುತ್ತಿದ್ದಾಗ ರೋಮನರ ೧೬೩ ಬೆಳ್ಳಿಯ ನಾಣ್ಯಗಳು ದೊರೆತುವು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿಯೂ ಇಂಥವು ಕೆಲವು ಸಿಕ್ಕಿರುವ ಸಂಗತಿ ತಮ್ಮಲ್ಲಿ ಅನೇಕರಿಗೆ ತಿಳಿದೇ ಇರುತ್ತದೆ. ಇವುಗಳನ್ನು ಕಂಡೊಡನೆ ನಮ್ಮ ಮನಸ್ಸು ರೋಮ್ ನಗರದ ಕಡೆಗೆ ಓಡುವುದು ಸಹಜ. ಆದರೆ ದಕ್ಷಿಣ ಭಾರತದಲ್ಲಿ ದೊರೆತಿರುವ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ದಿನಾರಿಗಳಲ್ಲಿ ಬಹುಪಾಲು ಅಚ್ಚಾದದ್ದು ಇಂದಿನ ಫ್ರಾನ್ಸ್ ದೇಶದ ಲಿಯಾನ್ ಪಟ್ಟಣದಲ್ಲಿ. ಸೋನ್ ಎಂಬ ನದಿಯು ಬಂದು ರೋನ್ ಮಹಾನದಿಯನ್ನು ಕೂಡುವ ಸಂಗಮದಲ್ಲಿ ಆ ಪಟ್ಟಣವಿದೆ. ರೋಮನರು ಅಲ್ಲಿ ತಮ್ಮ ಊರನ್ನು ಕಟ್ಟಿದ್ದು ಕ್ರಿ. ಪೂ. ೪೩ರಲ್ಲಿ, ಟಂಕಸಾಲೆಯನ್ನು ತೆರೆದದ್ದು ಕ್ರಿ. ಪೂ. ೧೫ರ ಸುಮಾರಿನಲ್ಲಿ. ಅದಕ್ಕೆ ಮುಂಚೆ ಆ ನದಿ ಯಾರದಾಗಿದ್ದಿತು? ಅದರ ಮೇಲೆ ಸಾಗುವ ದೋಣಿಗಳಿಂದ ಸುಂಕವೆತ್ತುತ್ತಿದ್ದವರು ಯಾರು? ಆ ಸುಂಕವು ಅವರಿಗೆ ಏನನ್ನು ತಂದುಕೊಟ್ಟಿತು, ಅವರಿಂದ ಏನನ್ನು ಕಿತ್ತುಕೊಂಡಿತು? ಈ ಹೊತ್ತು ನಾನು ಅರಿಕೆ ಮಾಡಬೇಕೆಂದಿರುವುದು ಇಷ್ಟೇ.

ಆಲ್ಪ್ಸ್ ಪರ್ವತಗಳ ಆಚೆಯಲ್ಲಿದ್ದ ಜನರನ್ನು ಗ್ರೀಕರು ಕೆಲ್ಟರೆಂದು ಕರೆದರು; ರೋಮನರು ಗಾಲರೆಂದರು. ಈ ಒಂದು ಹೆಸರಿನ ಕೆಳಗೆ ಬಂದವರೆಲ್ಲ ಒಂದೇ ರಾಜ್ಯದವರೂ ಅಲ್ಲ, ಬಹುಶಃ ಒಂದೇ ಜನಾಂಗವೆಂದು ತಮ್ಮನ್ನು ತಾವು ಎಣಿಸಿಕೊಂಡವರೂ ಅಲ್ಲ. ಕಾಲೇಜಿನಲ್ಲಿ ನಾವು ಓದಿದ ಇಂಗ್ಲಿಷ್ ಚರಿತ್ರೆಗಳಲ್ಲಿ ಗಾಲನೆಂದರೆ ಇಳಿಬಿದ್ದ ಮೀಸೆ, ಕೊರಳಲ್ಲಿ ಚಿನ್ನದ ಕಂಠಿ, ಕೈಯಲ್ಲಿ ಕತ್ತಿ, ಬಾಯಲ್ಲಿ ಬಡಿವಾರ. ಕ್ರಿ. ಪೂ. ೩೯೦ರ ಸುಮಾರಿನಲ್ಲಿ ರೋಮ್ ನಗರವನ್ನೇ ಸೂರೆಮಾಡಿ ಸಾವಿರ ಪೌಂಡು ತೂಕದ ಚಿನ್ನವನ್ನು ತೂಗಿಸಿಕೊಂಡು ಹೋದವರು ಇವರು. ಆ ಚಿತ್ರ ಸುಳ್ಳಲ್ಲ. ಆದರೆ ಅದನ್ನು ಬರೆದವರು ಶತ್ರುಗಳು. ಗಾಲರ ಪುರೋಹಿತರಾದ ಡ್ರೂಯಿಡರು ತಮ್ಮ ವಿದ್ಯೆಯನ್ನು ಬರೆವಣಿಗೆಗೆ ಇಳಿಸಬಾರದೆಂದು ನಿಯಮ ಮಾಡಿಕೊಂಡಿದ್ದರು. ಇದು ನಮ್ಮ ವೇದಪಾಠಿಗಳಿಗೆ ಅರ್ಥವಾಗುವಷ್ಟು ಸುಲಭವಾಗಿ ರೋಮನರಿಗೆ ಅರ್ಥವಾಗಲಿಲ್ಲ. ಆದರೆ ಲೆಕ್ಕಪತ್ರಗಳನ್ನು ಮಾತ್ರ ಅವರು ಗ್ರೀಕ್ ಅಕ್ಷರಗಳಲ್ಲಿ ಬರೆಯುತ್ತಿದ್ದರೆಂದು ಸೀಸರನೇ ಹೇಳುತ್ತಾನೆ. ಮಂತ್ರಕ್ಕೆ ಬೇಡವಾದ ಲಿಪಿ ವ್ಯಾಪಾರಕ್ಕೆ ಬೇಕಾಗಿದ್ದಿತು!

ಈ ವ್ಯಾಪಾರ ಬಹಳ ಹಳೆಯದು. ಆಸ್ಟ್ರಿಯಾ ದೇಶದ ಹಾಲ್‌ಷ್ಟಾಟ್ ಎಂಬಲ್ಲಿ ಬೆಟ್ಟದ ಹೊಟ್ಟೆಯನ್ನು ಬಗೆದು ಉಪ್ಪನ್ನು ತೆಗೆಯುತ್ತಿದ್ದವರ ಗೋರಿಗಳು ೧೮೪೬ರಿಂದ ಮುಂದಕ್ಕೆ ನೂರಾರು ಸಂಖ್ಯೆಯಲ್ಲಿ ಹೊರಬಿದ್ದುವು. ಅವುಗಳಲ್ಲಿ ದೂರದೇಶದ ಒಡವೆಗಳಿದ್ದುವು. ಫ್ರಾನ್ಸಿನಲ್ಲಿ ಸೇನ್ ನದಿಯ ಮೇಲ್ಭಾಗದ ವಿಕ್ಸ್ ಎಂಬ ಹಳ್ಳಿಯಲ್ಲಿ ೧೯೫೩ರಲ್ಲಿ ದೊರೆತ ಒಂದು ಗೋರಿಯು ಎಲ್ಲರನ್ನೂ ಬೆರಗುಗೊಳಿಸಿತು. ಅದು ಕ್ರಿ. ಪೂ. ೫೦೦ರ ಸುಮಾರಿನ ಒಬ್ಬ ಸ್ತ್ರೀಯ ಗೋರಿ. ಅವಳ ಪಕ್ಕದಲ್ಲಿ ಗ್ರೀಕ್ ಕುಶಲಿಗಳು ಮಾಡಿದ, ೧.೬೪ ಮೀಟರ್ ಎತ್ತರದ, ೨೦೮ ಕಿಲೋಗ್ರಾಂ ತೂಕದ ಕಂಚಿನ ಕೊಪ್ಪರಿಗೆ. ಅದರಲ್ಲಿ ೧,೧೦೦ ಲೀಟರ್ ಪಾನೀಯ ಹಿಡಿಯುವುದು. ಮೆಡಿಟರೇನಿಯನ್ ತೀರದಿಂದ ಅಷ್ಟು ದೊಡ್ಡ ಪಾತ್ರೆಯನ್ನು ಅಷ್ಟು ದೂರ ಒಳನಾಡಿಗೆ ಸಾಗಿಸಿದ್ದು ಯಾರ ಪ್ರೀತಿಗಾಗಿ? ಆ ಹಳ್ಳಿಯ ಮೇಲಿನ ಗುಡ್ಡವಿರುವ ಸ್ಥಳವನ್ನು ನಕ್ಷೆಯಲ್ಲಿ ನೋಡಿದರೆ ಉತ್ತರ ಹೊಳೆಯುತ್ತದೆ. ದಕ್ಷಿಣದಿಂದ ಬಂದ ಸರಕು ದೋಣಿಯಿಂದಿಳಿದು, ಗಾಡಿಯ ಮೇಲೆ ಸಾಗಿ, ಮತ್ತೆ ಸೇನ್ ನದಿಯ ದೋಣಿಯನ್ನೇರಬೇಕಾದ ಎಡೆ ಅದು.

ಗಾಲ್ ದೇಶದ ನದಿಗಳ ವಿಶೇಷವೇ ಇದು. ಗ್ರೀಕರು ಕ್ರಿ. ಪೂ. ೬೦೦ರ ಸುಮಾರಿನಲ್ಲಿ ಸ್ಥಾಪಿಸಿದ ಮಾರ್ಸೇಲ್ಸ್ ರೇವಿನ ಹತ್ತಿರ ರೋನ್ ನದಿ ಸಮುದ್ರವನ್ನು ಸೇರುತ್ತದೆ. ಅದರಲ್ಲಿ ಮೇಲಕ್ಕೆ ಹೋಗಿ, ಸೋನ್ ನದಿಯನ್ನು ಹಿಡಿದರೆ, ಅಲ್ಲಿಂದ ಸ್ವಲ್ಪವೇ ನೆಲದ ದಾರಿ ನಡೆದು ಪಶ್ಚಿಮಕ್ಕೆ ಲ್ವಾರ್ ನದಿಗೋ, ವಾಯವ್ಯಕ್ಕೆ ಸೇನ್ ನದಿಗೋ, ಈಶಾನ್ಯಕ್ಕೆ ರೈನ್ ನದಿಗೋ ಇಳಿಯಬಹುದು. ಬ್ರಿಟನ್ನಿನ ತವರವು ಗಾಲ್ ದೇಶವನ್ನು ಹಾದು, ಕುದುರೆಗಳ ಮೇಲೆ ಸುಮಾರು ೩೦ ದಿನಗಳಲ್ಲಿ ರೋನ್ ನದಿಯ ಮುಖವನ್ನು ಮುಟ್ಟುತ್ತಿತ್ತೆಂದು ಡಯೋಡೋರಸ್ ಬರೆದಿದ್ದಾನೆ. ಆದ್ದರಿಂದ ಸೋನ್ ನದಿಯ ದಡವೆಂದರೆ ನಾಲ್ಕು ದಿಕ್ಕಿನ ವ್ಯಾಪಾರಕ್ಕೂ ಹೆಬ್ಬಾಗಿಲು. ಈ ಬಾಗಿಲಿನ ಪಶ್ಚಿಮದ ಕಂಬವನ್ನು ಹಿಡಿದವರು ಈಡುಯಿ ಎಂಬ ಪಂಗಡದವರು. ಪೂರ್ವದ ಕಂಬವನ್ನು ಹಿಡಿದವರು ಸೆಕ್ವಾನಿಗಳು. ನದಿಯೂ ಅದರ ಸುಂಕವೂ ತಮ್ಮದೆಂದು ಇಬ್ಬರೂ ವಾದಿಸುತ್ತಿದ್ದರು. ಇವರ ಹಗೆತನಕ್ಕೆ ಇದೇ ಮುಖ್ಯ ಕಾರಣವೆಂಬುದು ಭೂಗೋಳಜ್ಞನಾದ ಸ್ಟ್ರಾಬೋವಿನ ಮತ.

ಈಡುಯಿಗಳ ರಾಜಧಾನಿ ಬಿಬ್ರಾಕ್ಟೆ. ಇಂದು ಬ್ಯೂವ್ರೇ ಎಂದು ಕರೆಯುವ ಬೆಟ್ಟದ ನೆತ್ತಿಯ ಮೇಲೆ, ಸಮುದ್ರಮಟ್ಟಕ್ಕೆ ಸುಮಾರು ೮೦೦ ಮೀಟರ್ ಎತ್ತರದಲ್ಲಿ, ಮರದ ತೊಲೆ ಮತ್ತು ಕಲ್ಲುಗಳಿಂದ ಕಟ್ಟಿದ ಕೋಟೆಯೊಳಗೆ ೧೩೫ ಹೆಕ್ಟೇರ್ ವಿಸ್ತಾರದ ಪಟ್ಟಣ. ಬುಲ್ಲಿಯೋ ಎಂಬ ಪಂಡಿತನು ೧೮೬೭ರಲ್ಲಿ ಅಲ್ಲಿ ಅಗೆತವನ್ನು ಪ್ರಾರಂಭಿಸಿದನು. ಆತನ ಸೋದರಳಿಯ ದೆಷಲೆಟ್ ಅದನ್ನು ಮುಂದುವರಿಸಿದನು. ೧೯೮೪ರಲ್ಲಿ ಮತ್ತೆ ಕೆಲಸ ಮೊದಲಾಯಿತು. ಕಮ್ಮಾರರ ಬೀದಿ, ಕಂಚುಗಾರರ ಕುಲುಮೆ, ಬಣ್ಣದ ಎರಕವನ್ನು ಕೂಡಿಸುವವರ ಅಂಗಡಿ, ಎಲ್ಲವೂ ಕಂಡುಬಂದಿವೆ. ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬಂದದ್ದು ಮಾತ್ರ ಇಟಲಿಯಿಂದ ಮದ್ಯವನ್ನು ತಂದ ಮಣ್ಣಿನ ಜಾಡಿಗಳ ಚೂರು. ನೆಲದ ಕೊಚ್ಚೆಯನ್ನು ಮುಚ್ಚುವುದಕ್ಕೂ ಅದೇ ಚೂರು!

ಈಡುಯಿಗಳಲ್ಲಿ ಆಗ ಅರಸರಿರಲಿಲ್ಲ. ವರ್ಷಕ್ಕೊಬ್ಬನನ್ನು ಅಧಿಕಾರಿಯಾಗಿ ಆರಿಸುತ್ತಿದ್ದರು. ಅವನಿಗೆ ವೆರ್ಗೊಬ್ರೆಟ್ ಎಂದು ಹೆಸರು. ಪ್ರಾಣದಂಡನೆ ವಿಧಿಸುವ ಅಧಿಕಾರ ಅವನಿಗಿದ್ದರೂ ನಾಡಿನ ಗಡಿಯನ್ನು ದಾಟುವ ಸ್ವಾತಂತ್ರ್ಯವಿರಲಿಲ್ಲ. ಹೀಗೆ ಕಟ್ಟುಪಾಡು ಮಾಡಿದವರು ಅರಸೊತ್ತಿಗೆಯ ರುಚಿಯನ್ನು ಕಂಡು ಬಿಟ್ಟವರೇ ಇರಬೇಕು. ಆದರೆ ಅಧಿಕಾರಕ್ಕೆ ಹಾಕಿದ ಬೇಲಿಯನ್ನು ಹಣ ಹಾರುತ್ತದೆ. ಕ್ರಿ. ಪೂ. ೫೮ರಲ್ಲಿ ಸೀಸರನಿಗೆ ಗುಟ್ಟಾಗಿ ತಿಳಿದ ವಿಷಯ ಇದು: ಡಮ್ನೋರಿಕ್ಸ್ ಎಂಬ ಸರದಾರನು ಅನೇಕ ವರ್ಷಗಳಿಂದ ಈಡುಯಿಗಳ ಸುಂಕವನ್ನೂ ಉಳಿದ ಕಂದಾಯಗಳನ್ನೂ ಅಗ್ಗವಾಗಿ ಗುತ್ತಿಗೆ ಹಿಡಿಯುತ್ತಿದ್ದಾನೆ, ಏಕೆಂದರೆ ಅವನು ಸವಾಲು ಕೂಗಿದ ಮೇಲೆ ಎದುರು ಸವಾಲು ಕೂಗುವ ಧೈರ್ಯ ಯಾರಿಗೂ ಇಲ್ಲ. ಹರಾಜುಗಳನ್ನು ಕಂಡಿರುವ ನಮಗೆ ಇದಕ್ಕೆ ವ್ಯಾಖ್ಯಾನ ಬೇಕಾಗಿಲ್ಲ. ಆ ಲಾಭದಿಂದ ಅವನು ತನ್ನ ಖರ್ಚಿನಲ್ಲಿಯೇ ಕುದುರೆಯ ದಂಡನ್ನು ಸಾಕಿದನು, ಬಡವರಿಗೆ ಕೊಟ್ಟನು, ನೆರೆಯ ಪಂಗಡಗಳೊಡನೆ ವಿವಾಹಸಂಬಂಧಗಳನ್ನು ಬೆಳಸಿದನು. ತಾಯಿಯನ್ನು ಬಿಟುರಿಗೆಗಳ ಒಬ್ಬ ಶ್ರೀಮಂತನಿಗೆ ಕೊಟ್ಟು ಮದುವೆ ಮಾಡಿದನು. ತಾನು ಹೆಲ್ವೇಟಿಗಳ ಮುಖಂಡನ ಮಗಳನ್ನು ತಂದನು. ಅವನ ಹೆಸರಿನ ಕಡೆಯ ಭಾಗವಾದ ‘ರಿಕ್ಸ್’ ಎಂಬುದು ನಮ್ಮ ‘ರಾಜ’ ಶಬ್ದಕ್ಕೆ ಜ್ಞಾತಿ. ಹೆಸರಿನಲ್ಲಿದ್ದ ರಾಜತ್ವವನ್ನು ಸುಂಕದಕಟ್ಟೆಯ ಮೂಲಕ ನಿಜಮಾಡಿಕೊಳ್ಳಲು ಅವನು ಹೊರಟಿದ್ದನು. ವಿದ್ಯಾರ್ಥಿಯಾಗಿದ್ದಾಗ ಸೀಸರನ ಗ್ರಂಥವನ್ನು ಯುದ್ಧಗಳಿಗಾಗಿ ಓದಿದೆ. ಈ ನಾಲ್ಕು ಸಾಲಿನ ಗುತ್ತಿಗೆಯ ವಿಷಯವನ್ನು ಮೂರನೆಯ ಸಲ ಪಾಠ ಹೇಳುವಾಗಲೇ ನಾನು ನಿಜವಾಗಿ ಕಂಡದ್ದು.

ಸುಂಕಕ್ಕೆ ಒಳಪಟ್ಟ ಸರಕು ಯಾವುದು? ಗಾಲರು ಹೊರಕ್ಕೆ ಕಳುಹಿಸುತ್ತಿದ್ದುದು ಬೇಕಾದಷ್ಟಿದ್ದಿತು. ಸೆಕ್ವಾನಿಗಳ ಉಪ್ಪು ಹಾಕಿದ ಹಂದಿಮಾಂಸಕ್ಕೆ ರೋಮಿನಲ್ಲಿ ಹೆಸರು. ಉಣ್ಣೆಯ ಹೊದಿಕೆಗಳು, ತೊಗಲು, ಕಬ್ಬಿಣ, ಚಿನ್ನ ಇವೂ ಹೋಗುತ್ತಿದ್ದುವು. ಒಳಕ್ಕೆ ಬರುತ್ತಿದ್ದುದರಲ್ಲಿ ಮದ್ಯವೇ ಪ್ರಧಾನ. ಅದನ್ನು ತುಂಬುತ್ತಿದ್ದ ಎರಡು ಹಿಡಿಯ ಜಾಡಿಗೆ ಆಂಫೊರಾ ಎಂದು ಹೆಸರು. ಬರಿಯ ಜಾಡಿಯೇ ಸುಮಾರು ೨೫ ಕಿಲೋಗ್ರಾಂ ತೂಗುತ್ತಿತ್ತು. ಅದರಲ್ಲಿ ಹಿಡಿಯುವ ಮದ್ಯವೂ ಹೆಚ್ಚುಕಡಮೆ ಅಷ್ಟೇ. ನೆಲದ ಮೇಲೆ ಇದನ್ನು ಹೊರಿಸಿದರೆ ಅರ್ಧ ಕೂಲಿ ಮಣ್ಣಿಗೇ ಹೋಗುವುದರಿಂದ ನದಿಯೇ ಗತಿ. ನದಿಯೆಂದ ಮೇಲೆ ಸುಂಕವೂ ಗತಿ. ಫ್ರಾನ್ಸಿನ ದಕ್ಷಿಣತೀರದ ಜ್ಯಾನ್ ಎಂಬಲ್ಲಿ ೧೯೬೭ರಲ್ಲಿ ಕಂಡುಬಂದ ಮುಳುಗಿದ ಹಡಗು ಈ ಕಾಲದ್ದೇ. ಉದ್ದ ಸುಮಾರು ೪೦ ಮೀಟರ್. ಒಂದರ ಮೇಲೊಂದು ಅಡುಕಿದ್ದ ಜಾಡಿಗಳು ೬,೦೦೦ಕ್ಕೆ ಮೇಲ್ಪಟ್ಟಿದ್ದುವು. ಒಂದು ಹಡಗಿನ ಲೆಕ್ಕ ಇದು. ಕ್ರಿ. ಪೂ. ಒಂದನೆಯ ಶತಮಾನದಲ್ಲಿ ಗಾಲ್ ದೇಶಕ್ಕೆ ಬಂದ ಒಟ್ಟು ಜಾಡಿಗಳನ್ನು ವಿದ್ವಾಂಸರು ಕೋಟಿಗಳಲ್ಲಿಯೇ ಎಣಿಸುತ್ತಾರೆ.

ಇಷ್ಟೊಂದು ಮದ್ಯ ಏತಕ್ಕೆ? ಗಾಲರು ಕುಡುಕರು, ನೀರನ್ನು ಬೆರಸದೆ ಕುಡಿಯುವ ಒರಟರು, ಎಂದು ಗ್ರೀಕರೂ ರೋಮನರೂ ನಕ್ಕಿದ್ದಾರೆ. ಮಾರುವವನು ಕೊಳ್ಳುವವನನ್ನು ಹೀಗೆ ನಗುವುದು ಲೋಕರೂಢಿ. ನಿಜವಾದ ಕಾರಣವನ್ನು ಅರಿಯಬೇಕಾದರೆ ಆರ್ವೆರ್ನಿ ಪಂಗಡದ ದೊರೆ ಲುಯೆರ್ನಿಯಸ್ಸನ ಕಥೆಯನ್ನು ಕೇಳಬೇಕು. ಕ್ರಿ. ಪೂ. ಎರಡನೆಯ ಶತಮಾನದಲ್ಲಿದ್ದ ಈತನು ಜನರ ಮನಸ್ಸನ್ನು ಒಲಿಸಿಕೊಳ್ಳುವುದಕ್ಕಾಗಿ ರಥದಲ್ಲಿ ಕುಳಿತು ಬಯಲಿನಲ್ಲಿ ಹೋಗುತ್ತ, ಹಿಂಬಾಲಿಸಿದ ಸಾವಿರಾರು ಜನರಿಗೆ ಚಿನ್ನಬೆಳ್ಳಿಗಳನ್ನು ಎರಚುತ್ತಿದ್ದನು. ಪಕ್ಕಕ್ಕೆ ಎರಡು ಕಿಲೋಮೀಟರಿಗೂ ಹೆಚ್ಚಾದ ಚಚ್ಚೌಕದ ಬೇಲಿಯನ್ನು ಕಟ್ಟಿಸಿ, ಒಳಗೆ ಬೆಲೆಬಾಳುವ ಮದ್ಯದ ತೊಟ್ಟಿಗಳನ್ನು ತುಂಬಿಸಿ, ಬಂದವರಿಗೆಲ್ಲ ದಿನಗಟ್ಟಲೆ ಊಟವಿಕ್ಕಿದನು. ಔತಣ ಮುಗಿಯುವ ಹೊತ್ತಿಗೆ ತಡವಾಗಿ ಬಂದ ಒಬ್ಬ ಕವಿ ದೊರೆಯ ರಥದ ಪಕ್ಕದಲ್ಲಿ ಓಡುತ್ತಲೇ ಅವನ ಕೀರ್ತಿಯನ್ನೂ ತನ್ನ ದುರದೃಷ್ಟವನ್ನೂ ಹಾಡಿದನಂತೆ; ದೊರೆ ಒಂದು ಚೀಲ ಚಿನ್ನವನ್ನು ಎಸೆದನಂತೆ. ಈ ವೃತ್ತಾಂತವನ್ನು ಬರೆದಿಟ್ಟವನು ಗಾಲ್ ದೇಶವನ್ನು ಕಣ್ಣಾರೆ ಕಂಡಿದ್ದ ಪೊಸಿಡೋನಿಯಸ್. ಕೊಡುವುದೇ ಆ ಸಮಾಜದಲ್ಲಿ ಆಳುವ ಬಗೆ. ಯಾರ ಮನೆಯ ಮದ್ಯವನ್ನು ಕುಡಿದನೋ ಅವನ ಹಿಂದೆ ಕತ್ತಿ ಹಿಡಿದು ನಡೆಯಬೇಕು. ಹಾಗಾದ ಮೇಲೆ ಸಮುದ್ರದ ಆಚೆಯಿಂದ ಬರುವ ಜಾಡಿ ಕೇವಲ ಪಾನೀಯವಾಗಿ ಉಳಿಯಲಿಲ್ಲ. ಅದು ಸೈನ್ಯದ ಸಂಬಳವಾಯಿತು, ಚುನಾವಣೆಯ ವೆಚ್ಚವಾಯಿತು, ಮರ್ಯಾದೆಯ ಅಳತೆಗೋಲಾಯಿತು.

ಮದ್ಯಕ್ಕೆ ಬೆಲೆಯೇನು ಎಂಬುದೇ ಈ ಕಥೆಯಲ್ಲಿ ಹೊಟ್ಟೆಯನ್ನು ಕಲಕುವ ಭಾಗ. ಇಟಲಿಯ ವರ್ತಕರು ಒಂದು ಜಾಡಿ ಮದ್ಯಕ್ಕೆ ಒಬ್ಬ ಗುಲಾಮನನ್ನು ಪಡೆಯುತ್ತಿದ್ದರೆಂದು ಡಯೋಡೋರಸ್ ಬರೆದಿದ್ದಾನೆ. ಗುಟುಕಿಗೆ ಬದಲಾಗಿ ಗುಟುಕನ್ನು ತಂದುಕೊಡುವ ಆಳು! ರೋಮಿನ ಸಂತೆಯಲ್ಲಿ ಆ ಆಳಿಗೆ ಬಹಳ ಹೆಚ್ಚಿನ ಬೆಲೆ; ಗಾಲನ ಕಣ್ಣಿಗೆ ಆ ಜಾಡಿಗೂ ಹಾಗೆಯೇ. ಇಬ್ಬರೂ ತಮಗೆ ಲಾಭವೆಂದೇ ತಿಳಿದರು. ಆದರೆ ಗುಲಾಮನು ಗದ್ದೆಯಲ್ಲಿ ಬೆಳೆಯುವ ಪೈರಲ್ಲ. ಅವನನ್ನು ನೆರೆಯ ಪಂಗಡದಿಂದ ಹಿಡಿದು ತರಬೇಕು; ಹಿಡಿದು ತರಲು ಸೈನ್ಯ ಬೇಕು; ಸೈನ್ಯಕ್ಕೆ ಮದ್ಯ ಬೇಕು. ಗಾಲರಲ್ಲಿ ಐಕಮತ್ಯವಿರಲಿಲ್ಲ, ಅವರ ಸ್ವಭಾವವೇ ಜಗಳಗಂಟಿತನ, ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಆ ಜಗಳಕ್ಕೆ ಪ್ರತಿವರ್ಷವೂ ರೇವಿನಲ್ಲಿ ಒಬ್ಬ ಗಿರಾಕಿ ಕಾದಿರುತ್ತಿದ್ದನೆಂಬುದನ್ನು ಮಾತ್ರ ಅವು ಹೇಳುವುದಿಲ್ಲ.

ಗಿರಾಕಿಯ ಹಿಂದೆಯೇ ಸರ್ಕಾರವೂ ಬಂದಿತು. ಲುಯೆರ್ನಿಯಸ್ಸನ ಮಗ ಬಿಟುಯಿಟಸ್ಸನನ್ನು ರೋಮನರು ಕ್ರಿ. ಪೂ. ೧೨೧ರಲ್ಲಿ ಸೋಲಿಸಿ, ಸೆರೆಹಿಡಿದು, ದಕ್ಷಿಣದ ತೀರವನ್ನು ತಮ್ಮ ಪ್ರಾಂತ್ಯವನ್ನಾಗಿ ಮಾಡಿಕೊಂಡರು. ಈಡುಯಿಗಳು ಆ ಯುದ್ಧದಲ್ಲಿ ರೋಮಿನ ಪಕ್ಷ. ರೋಮ್ ಅವರನ್ನು ಸೋದರರೆಂದು ಕರೆಯಿತು. ಆ ಪ್ರಾಂತ್ಯದ ಅಧಿಪತಿಯಾಗಿದ್ದ ಫಾಂಟೇಯಸ್ ಎಂಬವನ ಮೇಲೆ ಗಾಲರು ಹೊರಿಸಿದ ಆಪಾದನೆಗಳಲ್ಲಿ ಮದ್ಯದ ಸುಂಕವೂ ಒಂದು. ಟುಲೂಸಿನಲ್ಲಿ ಜಾಡಿಯೊಂದಕ್ಕೆ ನಾಲ್ಕು ದಿನಾರಿಯಂತೆ ಎತ್ತಿದರೆಂದು ಆಪಾದನೆ. ಕ್ರಿ. ಪೂ. ೬೯ರಲ್ಲಿ ಅವನ ಪರವಾಗಿ ವಾದಿಸಿದ ಸಿಸೆರೋ, ರೋಮನ್ ಪ್ರಜೆಯ ಲೆಕ್ಕದ ಪುಸ್ತಕದಲ್ಲಿ ದಾಖಲಾಗದೆ ಗಾಲ್ ದೇಶದಲ್ಲಿ ಒಂದು ಕಾಸೂ ಕೈ ಬದಲಾಯಿಸುವುದಿಲ್ಲವೆಂದು ಹೆಮ್ಮೆಯಿಂದ ನುಡಿದನು. ಇತ್ತ ಈಡುಯಿಗಳೂ ಸೆಕ್ವಾನಿಗಳೂ ತಮ್ಮ ಬೆಳ್ಳಿಯ ನಾಣ್ಯವನ್ನು ರೋಮಿನ ದಿನಾರಿಯ ಅರ್ಧ ತೂಕಕ್ಕೆ ಸರಿಹೊಂದಿಸಿಕೊಂಡಿದ್ದರು. ಒಂದು ದಂಡೂ ನದಿಯನ್ನು ಹತ್ತುವುದಕ್ಕೆ ಮುಂಚೆ ತಕ್ಕಡಿ ಹತ್ತಿದ್ದಿತು.

ಇನ್ನು ಸೋನ್ ನದಿಯ ವ್ಯಾಜ್ಯಕ್ಕೆ ಬರೋಣ. ಈಡುಯಿಗಳನ್ನು ತಾವಾಗಿಯೇ ಗೆಲ್ಲಲಾರದ ಸೆಕ್ವಾನಿಗಳು ರೈನ್ ನದಿಯ ಆಚೆಯಿಂದ ಅರಿಯೋವಿಸ್ಟಸ್ ಎಂಬ ಜರ್ಮನ್ ನಾಯಕನನ್ನು ಕೂಲಿಗೆ ಕರೆಯಿಸಿದರು. ಮೊದಲು ಬಂದವರು ೧೫,೦೦೦. ಸೀಸರನು ಕೊಡುವ ಲೆಕ್ಕದಂತೆ ಕಡೆಗೆ ೧,೨೦,೦೦೦. ಈಡುಯಿಗಳ ಸರದಾರರೆಲ್ಲ ಯುದ್ಧದಲ್ಲಿ ಅಳಿದರು. ಗೆದ್ದ ಸೆಕ್ವಾನಿಗಳ ಗತಿಯೇನು? ಕೂಲಿಗೆ ಬಂದವನು ಅವರ ಭೂಮಿಯಲ್ಲಿ ಮೂರರಲ್ಲೊಂದು ಪಾಲನ್ನು ಆಕ್ರಮಿಸಿ, ಇನ್ನೊಂದು ಪಾಲನ್ನೂ ಬಿಟ್ಟುಕೊಡಿರೆಂದು ಕೇಳಿದನು. ಡಮ್ನೋರಿಕ್ಸನ ಅಣ್ಣ ಡಿವಿಸಿಯಾಕಸ್ ಡ್ರೂಯಿಡ್ ಪಂಡಿತ. ಅವನು ರೋಮಿಗೆ ಹೋಗಿ ಶಾಸನಸಭೆಯ ಮುಂದೆ ನೆರವನ್ನು ಬೇಡಿದನು. ಸಿಸೆರೋ ಅವನೊಡನೆ ಶಕುನಶಾಸ್ತ್ರವನ್ನು ಚರ್ಚಿಸಿ ಸಂತೋಷಪಟ್ಟನು. ನೆರವು ಮಾತ್ರ ದೊರೆಯಲಿಲ್ಲ. ಕೆಲವು ವರ್ಷಗಳ ಮೇಲೆ, ಕ್ರಿ. ಪೂ. ೫೮ರಲ್ಲಿ, ಸೀಸರನು ತಾನಾಗಿಯೇ ಬಂದನು. ಸಾಲದಲ್ಲಿ ಮುಳುಗಿದ್ದ ಅವನಿಗೆ ಒಂದು ಯುದ್ಧ ಬೇಕಾಗಿತ್ತು; ಮಿತ್ರರಾದ ಈಡುಯಿಗಳನ್ನು ಕಾಪಾಡುವುದೆಂಬ ನೆಪ ಸಿದ್ಧವಾಗಿತ್ತು. ಒಬ್ಬ ಸೋದರನು ಅವನನ್ನು ಕೈಹಿಡಿದು ಕರೆತಂದನು. ಇನ್ನೊಬ್ಬ ಸೋದರನು ತನ್ನ ಸುಂಕಕ್ಕೆ ಮೃತ್ಯು ಬಂದಿತೆಂದು ಮೊದಲ ದಿನವೇ ಅರಿತನು. ಕ್ರಿ. ಪೂ. ೫೪ರಲ್ಲಿ ಬ್ರಿಟನ್ನಿಗೆ ಬರಲೊಪ್ಪದೆ ಶಿಬಿರವನ್ನು ಬಿಟ್ಟುಹೋದ ಡಮ್ನೋರಿಕ್ಸನನ್ನು ಸೀಸರನ ಸವಾರರು ಬೆನ್ನಟ್ಟಿ ಕೊಂದರು. ತಾನು ಸ್ವತಂತ್ರನು, ಸ್ವತಂತ್ರವಾದ ನಾಡಿನವನು, ಎಂದು ಕೂಗುತ್ತ ಅವನು ಬಿದ್ದನೆಂದು ಸೀಸರನೇ ಬರೆದಿದ್ದಾನೆ. ಕೊಂದವನ ಕೈಬರಹದಲ್ಲಿ ಉಳಿದ ಈ ಮಾತನ್ನು ನಾನು ನಂಬುತ್ತೇನೆ.

ವ್ಯಾಪಾರದ ಅಪಾಯವನ್ನು ಕಂಡು ಬಾಗಿಲನ್ನು ಹಾಕಿಕೊಂಡವರೂ ಇದ್ದರು. ಉತ್ತರದ ನೆರ್ವಿಗಳು ವರ್ತಕರನ್ನು ಒಳಕ್ಕೆ ಬಿಡುತ್ತಿರಲಿಲ್ಲ. ಮದ್ಯ ಮೊದಲಾದ ಭೋಗವಸ್ತುಗಳು ಪೌರುಷವನ್ನು ಕುಂದಿಸುತ್ತವೆಂದು ಅವರ ನಂಬಿಕೆ. ಕ್ರಿ. ಪೂ. ೫೭ರಲ್ಲಿ ಅವರು ಸೀಸರನನ್ನು ಸೋಲಿನ ಅಂಚಿಗೆ ತಂದರು, ಆದರೂ ಉಳಿಯಲಿಲ್ಲ. ಅದೇ ವರ್ಷ ಅಟುವಾಟುಕಿ ಎಂಬ ಪಂಗಡದ ಪಟ್ಟಣವನ್ನು ಹಿಡಿದಾಗ ಸೀಸರನು ಇಡೀ ಜನರನ್ನು ಒಂದೇ ರಾಶಿಯಾಗಿ ಮಾರಿದನು. ೫೩,೦೦೦ ತಲೆಗಳು. ಲೆಕ್ಕವನ್ನು ಸೀಸರನಿಗೆ ಹೇಳಿದವರು ಕೊಂಡವರೇ! ಜಾಡಿಯ ಜೊತೆಯಲ್ಲಿ ಬರುತ್ತಿದ್ದ ವರ್ತಕನು ಈಗ ದಂಡಿನ ಜೊತೆಯಲ್ಲಿ ಬಂದಿದ್ದನು. ಬದಲು ಕೊಡುವುದಕ್ಕೆ ಮದ್ಯವೂ ಬೇಕಾಗಿರಲಿಲ್ಲ. ಮರುವರ್ಷ ಪಶ್ಚಿಮಸಮುದ್ರದ ವೆನೆಟಿಗಳ ಸರದಿ. ಬ್ರಿಟನ್ನಿನ ದಾರಿಯ ವ್ಯಾಪಾರವೂ ಸುಂಕವೂ ಅವರದು; ಓಕ್ ಮರದ ಎತ್ತರವಾದ ಹಡಗುಗಳು, ತೊಗಲಿನ ಪಟಗಳು, ಲಂಗರಿಗೆ ಕಬ್ಬಿಣದ ಸರಪಣಿ. ಅಂಥ ೨೨೦ ಹಡಗುಗಳು ಎದುರಾದಾಗ ರೋಮನರು ಉದ್ದವಾದ ಗಳುಗಳಿಗೆ ಕುಡುಗೋಲು ಕಟ್ಟಿ ಪಟದ ಹಗ್ಗಗಳನ್ನು ಕೊಯ್ದರು, ಗಾಳಿಯೂ ನಿಂತುಹೋಯಿತು. ಮುಖಂಡರ ಸಭೆಯನ್ನು ಕೊಲ್ಲಿಸಿ ಉಳಿದವರನ್ನು ಮಾರಲಾಯಿತು.

ಕ್ರಿ. ಪೂ. ೫೨ರಲ್ಲಿ ಗಾಲ್ ದೇಶವೆಲ್ಲ ಎದ್ದಿತು. ದಂಗೆಯ ಮೊದಲ ಏಟು ಯಾರ ಮೇಲೆ ಬಿದ್ದಿತೆಂಬುದನ್ನು ಗಮನಿಸಬೇಕು. ಲ್ವಾರ್ ನದಿಯ ಮೇಲಣ ಸೆನಾಬಂ ಎಂಬ ರೇವಿನಲ್ಲಿ, ಇಂದಿನ ಓರ್ಲಿಯಾನ್ಸಿನಲ್ಲಿ, ಸೂರ್ಯೋದಯದ ಹೊತ್ತಿಗೆ ರೋಮನ್ ವರ್ತಕರನ್ನು ಕೊಂದರು. ಸುದ್ದಿಯನ್ನು ಹೊಲದಿಂದ ಹೊಲಕ್ಕೆ ಕೂಗಿ ದಾಟಿಸಿ, ರಾತ್ರಿಯ ಮೊದಲ ಜಾವ ಮುಗಿಯುವಷ್ಟರಲ್ಲಿ ೧೬೦ ಮೈಲಿ ದೂರದ ಆರ್ವೆರ್ನಿಗಳಿಗೆ ಮುಟ್ಟಿಸಿದರು. ಅಲ್ಲಿ ವರ್ಸಿಂಜೆಟೋರಿಕ್ಸ್ ಎಂಬ ತರುಣನು ನಾಯಕನಾದನು. ಕೆಲವು ತಿಂಗಳಾದ ಮೇಲೆ, ರೋಮಿನ ಅತ್ಯಂತ ಹಳೆಯ ಮಿತ್ರರಾದ ಈಡುಯಿಗಳೂ ತಿರುಗಿಬಿದ್ದರು. ಅವರು ವರ್ತಕರನ್ನು ಸುಲಿದು ಹೊರದೂಡಿದ್ದು ಕವಿಲ್ಲೋನಂ ಎಂಬ ಊರಿನಿಂದ; ಅದು ಸೋನ್ ನದಿಯ ದಡದ ಇಂದಿನ ಶಾಲೋನ್. ಅಲ್ಲಿ ನದಿಯ ತಳವನ್ನು ಶೋಧಿಸಿದಾಗ ಸಾವಿರಾರು ಆಂಫೊರಾಗಳು ಮೇಲಕ್ಕೆ ಬಂದಿವೆ. ಅರ್ಧ ಶತಮಾನದಿಂದ ಸುಂಕವನ್ನು ತಂದುಕೊಟ್ಟ ಅದೇ ಕಟ್ಟೆ! ಬಿಬ್ರಾಕ್ಟೆಯ ಮಹಾಸಭೆಯಲ್ಲಿ ಎಲ್ಲ ಪಂಗಡಗಳೂ ವರ್ಸಿಂಜೆಟೋರಿಕ್ಸನಿಗೆ ಸೇನಾಪತ್ಯವನ್ನು ಕೊಟ್ಟುವು. ಐಕಮತ್ಯ ಬಂದಿತು; ಹೊತ್ತು ಮೀರಿದ್ದಿತು. ಅದೇ ವರ್ಷ ಅಲೇಸಿಯಾದ ಮುತ್ತಿಗೆಯಲ್ಲಿ ಅವನು ಶರಣಾಗತನಾದನು. ಆರು ವರ್ಷ ಸೆರೆಯಲ್ಲಿಟ್ಟು, ಸೀಸರನ ವಿಜಯೋತ್ಸವದಲ್ಲಿ ಮೆರೆಸಿ, ಕ್ರಿ. ಪೂ. ೪೬ರಲ್ಲಿ ಕೊಂದರು.

ಕೊಳ್ಳೆಯ ಚಿನ್ನ ಇಟಲಿಗೆ ಎಷ್ಟು ಬಂದಿತೆಂದರೆ, ಅಲ್ಲಿ ಅದರ ಬೆಲೆಯೇ ಇಳಿದು, ಸೀಸರನು ಪೌಂಡಿಗೆ ೩,೦೦೦ ಸೆಸ್ಟರ್ಸಿನಂತೆ ಮಾರಬೇಕಾಯಿತು. ಹತ್ತು ಲಕ್ಷ ಜನ ಸತ್ತರು, ಹತ್ತು ಲಕ್ಷ ಜನ ಸೆರೆಯಾದರು ಎಂದು ಪ್ಲುಟಾರ್ಕ್ ಹೇಳುವುದು ಗುಂಡಾದ ಸಂಖ್ಯೆ. ಅರ್ಧವೇ ನಿಜವಾದರೂ ಸಾಕಷ್ಟಾಯಿತು. ಈಡುಯಿಗಳನ್ನು ಸೀಸರನು ಕ್ಷಮಿಸಿದನು. ಆಗಸ್ಟಸನ ಕಾಲದಲ್ಲಿ ಅವರು ಬೆಟ್ಟದಿಂದಿಳಿದು ಬಯಲಿನಲ್ಲಿ ಕಟ್ಟಿದ ಹೊಸ ಪಟ್ಟಣಕ್ಕೆ, ಇಂದಿನ ಓಟನ್ನಿಗೆ, ಬಂದು ನೆಲಸಿದರು. ಅವರ ಮಕ್ಕಳು ಲ್ಯಾಟಿನ್ ಕಲಿತರು. ಜಾಡಿಯ ಬದಲು ತಮ್ಮವರು ಹಲಗೆಯನ್ನು ಬಾಗಿಸಿ ಮಾಡುವ ಮರದ ಪೀಪಾಯಿಯಲ್ಲಿ, ತಮ್ಮ ನೆಲದ ದ್ರಾಕ್ಷಿಯ ಮದ್ಯವನ್ನೇ ತುಂಬಿ ಮಾರತೊಡಗಿದರು. ಸೋನ್ ನದಿಯ ಕೆಳತುದಿಯಲ್ಲಿ ರೋಮಿನ ಟಂಕಸಾಲೆ ಬೆಳ್ಳಿಯನ್ನು ಅಚ್ಚೊತ್ತುತ್ತಿತ್ತು. ಅದರಲ್ಲಿ ಕೆಲವು ಸಮುದ್ರವನ್ನು ದಾಟಿ, ಮೆಣಸಿಗೂ ಮುತ್ತಿಗೂ ಬದಲಾಗಿ ನಮ್ಮ ಕಡೆಗೆ ಬಂದುವು. ಬಿಬ್ರಾಕ್ಟೆ ಹಾಳುಬಿದ್ದು ಕಾಡಾಯಿತು. ಆದರೂ ಆ ಬೆಟ್ಟದ ಮೇಲೆ ವರ್ಷಕ್ಕೊಂದು ಸಲ, ಮೇ ತಿಂಗಳಿನಲ್ಲಿ, ಸುತ್ತಣ ಹಳ್ಳಿಗಳ ಜನ ಸಂತೆ ಕೂಡುವ ಪದ್ಧತಿ ಮಧ್ಯಯುಗದಲ್ಲಿಯೂ ಅದರ ಈಚೆಗೂ ನಡೆದುಬಂದಿತು. ಅಲ್ಲಿ ಒಂದು ಪಟ್ಟಣವಿದ್ದಿತೆಂಬುದನ್ನು ಜನ ಮರೆತಿದ್ದರು.